ಆಸೆಯ ಕಾಗದ ಕನ್ನಡದಲ್ಲಿ, ಸಾಲದ ಕಾಗದ ಇಂಗ್ಲಿಷಿನಲ್ಲಿ!



ನಮ್ಮ ಹೊನ್ನಾಳಿಯಂಥ ತಾಲ್ಲೂಕು ಕೇಂದ್ರದ ಗೋಡೆಗಳನ್ನು ಒಮ್ಮೆ ನಿಂತು ಓದಿ. 'ಕಡಿಮೆ ಖರ್ಚಿನಲ್ಲಿ ವಿದೇಶದಲ್ಲಿ ಡಾಕ್ಟರಾಗಿ', 'ಜರ್ಮನಿಯಲ್ಲಿ ಉಚಿತ ಶಿಕ್ಷಣ', 'ನೂರಕ್ಕೆ ನೂರು ಸಾಲ, ವೀಸಾ ಗ್ಯಾರಂಟಿ'. ಎಲ್ಲವೂ ಅಚ್ಚಗನ್ನಡದಲ್ಲಿ! ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಹುಡುಕಬೇಕು, ಆದರೆ ಈ ಕನ್ಸಲ್ಟೆನ್ಸಿಯವರ ಕರಪತ್ರದಲ್ಲಿ ಕನ್ನಡಕ್ಕೆ ಬರವಿಲ್ಲ. ನಾನು ಪ್ರೆಸ್ಸಿನವನು. ಇಂಥ ಕರಪತ್ರ ನನ್ನಂಥವರ ಯಂತ್ರದಲ್ಲೇ ಅಚ್ಚಾಗುವುದು. ಮಗ ವಿಮಾನ ಹತ್ತುವ ಮೊದಲೇ ಊರ ಬಾಗಿಲಲ್ಲಿ ಕಟ್ಟುವ 'ಹಾರ್ದಿಕ ಶುಭಾಶಯಗಳು' ಫ್ಲೆಕ್ಸ್ ಕೂಡ ನಮ್ಮಲ್ಲೇ. ಅದೂ ಕನ್ನಡವೇ.

ಈ ಎರಡರ ನಡುವೆ ಇನ್ನೊಂದು ಕಾಗದ ಇದೆ. ಅದು ನಮ್ಮ ಪ್ರೆಸ್ಸಿಗೆ ಬರುವುದಿಲ್ಲ. ಅಪ್ಪ ಸಹಿ ಹಾಕುವ ಸಾಲದ ಪತ್ರ. ಅದು ಮಾತ್ರ ಪುಟಗಟ್ಟಲೆ ಇಂಗ್ಲಿಷು, ಅದೂ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ! ಆಸೆ ಹುಟ್ಟಿಸುವುದಕ್ಕೆ ಕನ್ನಡ ಬೇಕು, ಸಾಲ ಹೊರಿಸುವುದಕ್ಕೆ ಕನ್ನಡ ಬೇಡ. ಇದು ಯಾವ ನ್ಯಾಯ, ನೀವೇ ಹೇಳಿ.

ಹೋಗುವುದು ತಪ್ಪಲ್ಲ

ಮೊದಲೇ ಒಂದು ಮಾತು ಸ್ಪಷ್ಟ ಮಾಡುತ್ತೇನೆ. 'ಹೊರದೇಶಕ್ಕೆ ಹೋಗುವವರು ಕನ್ನಡದ್ರೋಹಿಗಳು' ಎಂದು ನಮ್ಮ ಕೆಲವು ಗೆಳೆಯರು ಮೈಕಿನಲ್ಲಿ ಕೂಗುತ್ತಾರೆ. ನಾನು ಒಪ್ಪುವುದಿಲ್ಲ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ 1938ರಲ್ಲಿ ಮರಳಿದವರು. 1981ರಲ್ಲಿ ಅವರ ಸಮಿತಿ ಕೊಟ್ಟ ವರದಿಯನ್ನು ಹಿಡಿದೇ ಅಲ್ಲವೇ 1982ರಲ್ಲಿ ಡಾ. ರಾಜ್‌ಕುಮಾರ್ ಮುಂದಾಳಾಗಿ ಇಡೀ ನಾಡು ಬೀದಿಗಿಳಿದದ್ದು? ನಮ್ಮ ಹೊನ್ನಾಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವ ತನಕ ತೀರ್ಥಹಳ್ಳಿಯೂ ನಾವೂ ಒಂದೇ ಶಿವಮೊಗ್ಗ ಜಿಲ್ಲೆಯವರು. ಆ ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿದ್ದುಕೊಂಡೇ ಬರೆದದ್ದು 'ಸಂಸ್ಕಾರ'. ಹೊರಗೆ ಹೋದರೆ ಕನ್ನಡ ಸಾಯುವುದಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇನ್ನೂ ಹಿಂದಕ್ಕೆ ಹೋಗಿ. 1913ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವೇತನದ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಆ ಹಣ ಸಿಗದಿದ್ದರೆ ಈ ದೇಶದ ಚರಿತ್ರೆಯೇ ಬೇರೆಯಾಗುತ್ತಿತ್ತು.

ಇವರಲ್ಲಿ ಅಂಬೇಡ್ಕರರೂ ಅನಂತಮೂರ್ತಿಯವರೂ ಹೋದದ್ದು ಬೇರೆಯವರ ವೇತನದ ಮೇಲೆ. ಇಂದು ಹೊನ್ನಾಳಿಯ ಹುಡುಗ ಹೊರಡುವುದು ಅಪ್ಪನ ಮನೆಪತ್ರ ಅಡ ಇಟ್ಟು. ವೇತನಗಳು ಇಲ್ಲವೆಂದಲ್ಲ. ಇವೆ ಎಂಬ ಸುದ್ದಿಯೇ ಅವನ ಭಾಷೆಯಲ್ಲಿ ಅವನಿಗೆ ಮುಟ್ಟುವುದಿಲ್ಲ!

ಸಾಲಕ್ಕೆ ಮೊದಲು ವೇತನ

ಏನೇನಿದೆ ಕೇಳಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ನಡೆದುಬಂದಿದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು, ಇವರ ಮಕ್ಕಳಿಗೆ. ಸ್ನಾತಕೋತ್ತರ ಪದವಿಗೂ ಪಿಎಚ್.ಡಿ.ಗೂ ಶುಲ್ಕ, ಊಟ-ವಸತಿ, ವಿಮಾನದ ಖರ್ಚು ಸರ್ಕಾರದ್ದು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆ ಇದೆ, ವರ್ಷಕ್ಕೆ ಇಡೀ ದೇಶಕ್ಕೆ 20 ಮಂದಿ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಿಂದ 'ಪ್ರಬುದ್ಧ' ಯೋಜನೆ ಬಂದಿದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮ ಹೊರದೇಶದ ಓದಿಗೆಂದೇ ಸಾಲದ ಯೋಜನೆ ಇಟ್ಟಿವೆ. ಆದಾಯದ ಮಿತಿ, ಅಂಕ, ವಯಸ್ಸು ಆಯಾ ವರ್ಷದ ಪ್ರಕಟಣೆಯಲ್ಲಿರುತ್ತದೆ. ಅದನ್ನೇ ನೋಡಬೇಕು, ಏಜೆಂಟನ ಬಾಯಿಮಾತಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಹೊರದೇಶದ ಸಾಲದ ಬಡ್ಡಿ ಭರಿಸುತ್ತಿದ್ದ ಕೇಂದ್ರದ 'ಪಢೋ ಪರದೇಶ್' 2022-23ರಲ್ಲೇ ನಿಂತುಹೋಯಿತು. ಅದರ ಹೆಸರು ಹೇಳಿ ಇಂದಿಗೂ ಯಾರಾದರೂ ಆಸೆ ತೋರಿಸಿದರೆ ಎದ್ದು ಬನ್ನಿ.

ಜಾತಿ, ಆದಾಯ ನೋಡದೆ ಪ್ರತಿಭೆಯ ಮೇಲೆ ಕೊಡುವವೂ ಇವೆ. ಬ್ರಿಟನ್ನಿಗೆ ಕಾಮನ್‌ವೆಲ್ತ್ ಮತ್ತು ಚೆವನಿಂಗ್, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು, ಜರ್ಮನಿಗೆ ಡಾಡ್, ಯೂರೋಪಿಗೆ ಇರಾಸ್ಮಸ್ ಮುಂಡಸ್, ಜಪಾನಿಗೆ ಅಲ್ಲಿನ ಸರ್ಕಾರದ ವೇತನ. ಜೆ.ಎನ್. ಟಾಟಾ ಅವರ ನಿಧಿ 1892ರಿಂದ ಇದೆ. ಅದು ಮರಳಿಸಬೇಕಾದ ಸಾಲ-ವೇತನ. ಇವುಗಳಿಗೆಲ್ಲ ಹೊರಡುವ ತಿಂಗಳಲ್ಲಿ ಅರ್ಜಿ ಹಾಕಿದರೆ ಆಗದು. ಸುಮಾರು ಒಂದು ವರ್ಷ ಮೊದಲೇ ಹಾಕಬೇಕು. ಬಿತ್ತನೆಗೆ ಹೊಲ ಹದ ಮಾಡುವುದು ಮಳೆ ಬಂದ ಮೇಲಲ್ಲ, ಮಳೆಗೆ ಮೊದಲು.

ಸೂರಗೊಂಡನಕೊಪ್ಪ ಈಗ ನ್ಯಾಮತಿ ತಾಲ್ಲೂಕು. ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ಮೂಲೆಮೂಲೆಯಿಂದ ಬಂಜಾರರು ಅಲ್ಲಿಗೆ ಬರುತ್ತಾರೆ. ಸುತ್ತ ಎಷ್ಟೊಂದು ತಾಂಡಾಗಳು! ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಎಂದರೆ ಮೇಲೆ ಹೇಳಿದ ಎರಡು ಯೋಜನೆಗಳ ಬಾಗಿಲು ಅವರಿಗೆ ತೆರೆದೇ ಇದೆ. ಈಗ ಹೇಳಿ, ಆ ತಾಂಡಾದ ಪದವೀಧರನಿಗೆ ಇದನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಒಂದು ಪುಟದ ಕಾಗದ ಎಷ್ಟು ಪಿಯು ಕಾಲೇಜುಗಳ ಫಲಕದ ಮೇಲಿದೆ? ನಮ್ಮ ಪ್ರೆಸ್ಸಿಗೆ ಇಷ್ಟು ವರ್ಷಗಳಲ್ಲಿ ಅಂಥ ಒಂದು ಕೆಲಸ ಬಂದಿಲ್ಲ. ಕನ್ಸಲ್ಟೆನ್ಸಿ ಕರಪತ್ರಗಳ ಕಟ್ಟು ಮಾತ್ರ ಬರುತ್ತಲೇ ಇದೆ.

ಲೆಕ್ಕ ನೋಡಿ, ಆಮೇಲೆ ಫ್ಲೆಕ್ಸ್

ವೇತನ ಸಿಗಲಿಲ್ಲ, ಸಾಲವೇ ಗತಿ ಎನ್ನೋಣ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗೆ ಆಸ್ತಿ ಜಾಮೀನು ಬೇಕಿಲ್ಲ. ಏಳೂವರೆ ಲಕ್ಷ ಮೀರಿದರೆ ಆಸ್ತಿ ಇಡಬೇಕು. 4 ಲಕ್ಷದ ಮೇಲೆ ಹೊರದೇಶದ ಓದಿಗೆ ನೂರಕ್ಕೆ 15 ನಿಮ್ಮ ಕೈಯದ್ದು. ಹಾಗಾದರೆ ಖರ್ಚು 20 ಲಕ್ಷವಾದರೆ 3 ಲಕ್ಷ ನಿಮ್ಮದು, 17 ಲಕ್ಷ ಬ್ಯಾಂಕಿನದು.

'ಓದು ಮುಗಿದು ಒಂದು ವರ್ಷದ ತನಕ ಕಂತಿಲ್ಲ' ಎನ್ನುತ್ತಾರೆ. ನಿಜ, ಕಂತಿಲ್ಲ. ಬಡ್ಡಿ ಇದೆ! ನೂರಕ್ಕೆ 11ರ ಬಡ್ಡಿ ಎಂದು ಹಿಡಿಯಿರಿ. ಪೂರ್ತಿ ಹಣ ಮೊದಲೇ ಎತ್ತಿದರೆ ವರ್ಷಕ್ಕೆ 1 ಲಕ್ಷ 87 ಸಾವಿರ. ಎರಡು ವರ್ಷ ಓದು, ಒಂದು ವರ್ಷ ವಿರಾಮ, ಮೂರು ವರ್ಷಕ್ಕೆ 5 ಲಕ್ಷ 61 ಸಾವಿರ. ಮಗ ಇನ್ನೂ ಮೊದಲ ಸಂಬಳ ನೋಡಿಲ್ಲ, ಸಾಲ ಆಗಲೇ 22 ಲಕ್ಷ 61 ಸಾವಿರ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 31 ಸಾವಿರದ ಮೇಲೆ ಕಂತು. ಕೊನೆಗೆ ಕಟ್ಟಿದ್ದು 37 ಲಕ್ಷ ದಾಟುತ್ತದೆ. ನಾಲೆ ನೀರಿನ ಭತ್ತ, ಮಳೆ ನಂಬಿದ ಮೆಕ್ಕೆಜೋಳದಲ್ಲಿ ತಿಂಗಳಿಗೆ 31 ಸಾವಿರ ಎತ್ತಿಡುವ ಮನೆ ನಮ್ಮಲ್ಲಿ ಎಷ್ಟಿವೆ? ಮಗ ಸಂಪಾದಿಸಿದರೆ ಸರಿ. ಸಂಪಾದನೆ ತಡವಾದರೆ? ಆ 'ರೆ' ಬಗ್ಗೆ ಕರಪತ್ರದಲ್ಲಿ ಒಂದಕ್ಷರವೂ ಇರುವುದಿಲ್ಲ.

ರೂಪಾಯಿಯ ಬೆಲೆಯನ್ನೂ ಮರೆಯಬೇಡಿ. 2020ರಲ್ಲಿ ಡಾಲರಿಗೆ 75 ರೂಪಾಯಿ ಆಸುಪಾಸು ಇತ್ತು. 2025ರ ಡಿಸೆಂಬರಿನಲ್ಲಿ 90 ದಾಟಿತು. ಕಾಲೇಜಿನವರು ಶುಲ್ಕ ಒಂದು ಡಾಲರೂ ಏರಿಸದಿದ್ದರೂ ನಿಮ್ಮ ಖರ್ಚು ಏರುತ್ತದೆ. ಹಾಗಾಗಿ ಲೆಕ್ಕ ಹಾಕುವಾಗ ಹತ್ತಕ್ಕೆ ಒಂದರಂತೆ ಹೆಚ್ಚುವರಿ ಕೈಯಲ್ಲಿರಲಿ.

'ಜರ್ಮನಿಯಲ್ಲಿ ಉಚಿತ' ಎಂಬ ಮಾತಿಗೂ ಲೆಕ್ಕ ಇದೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸತ್ಯ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಂದ ಆರು ತಿಂಗಳಿಗೆ 1,500 ಯೂರೋ ವಸೂಲು ಮಾಡುತ್ತದೆ. ವೀಸಾಗೆ ಮೊದಲು ಒಂದು ವರ್ಷದ ಊಟ-ವಸತಿಯ ಹಣ ಬೀಗ ಹಾಕಿದ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಯೂರೋಗೆ ನೂರು ರೂಪಾಯಿ ಎಂದರೂ ಸುಮಾರು 12 ಲಕ್ಷ! ಅದು ನಿಮ್ಮದೇ ಹಣ, ಅಲ್ಲಿ ತಿಂಗಳಿಗೆ 992 ಯೂರೋದಂತೆ ವಾಪಸ್ ಬರುತ್ತದೆ. ಆದರೆ ಮೊದಲು ಒಟ್ಟಿಗೆ ಹೊಂದಿಸಬೇಕಲ್ಲ?

ಇನ್ನೊಂದು ಮೋಸದ ಗೊಂದಲ. 2024ರಲ್ಲಿ ಕೇಂದ್ರ ಸರ್ಕಾರ ತಂದ 'ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ' ಯೋಜನೆ ನಮ್ಮ ದೇಶದ ಆಯ್ದ ಉನ್ನತ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ. ಹೊರದೇಶದ ಓದಿಗಲ್ಲ. 2015ರಿಂದ ಇದ್ದ 'ವಿದ್ಯಾಲಕ್ಷ್ಮಿ' ಸಾಲದ ಅರ್ಜಿ ಹಾಕುವ ಜಾಲತಾಣ. ಹೆಸರು ಒಂದೇ ಥರ, ಕೆಲಸ ಬೇರೆ.

ಹೊಲವಿದ್ದರೂ ಜಾಮೀನಿಲ್ಲ

ನಮ್ಮ ಕಡೆಯ ರೈತನ ಕಷ್ಟ ಇಲ್ಲಿಂದ ಶುರು. ನಾಲ್ಕೆಕರೆ ಹೊಲ ಇದೆ, ಪಹಣಿ ಇದೆ. ಆದರೆ 2002ರ ಸರ್ಫೇಸಿ ಕಾಯ್ದೆಯ 31ನೇ ಕಲಮಿನಂತೆ ಕೃಷಿ ಜಮೀನಿನ ಮೇಲೆ ಆ ಕಾಯ್ದೆಯಡಿ ಬ್ಯಾಂಕು ಕೈ ಹಾಕುವಂತಿಲ್ಲ. ರೈತನ ರಕ್ಷಣೆಗೆ ಇರುವ ಒಳ್ಳೆಯ ಮಾತೇ ಅದು. ಆದರೆ ಅದೇ ಕಾರಣಕ್ಕೆ 'ಹೊಲ ಬೇಡ, ಮನೆ ಅಥವಾ ಸೈಟು ತನ್ನಿ' ಎನ್ನುವ ಬ್ಯಾಂಕುಗಳು ಬಹಳ. ಹೊಲ ಬಿಟ್ಟರೆ ಇರುವುದು ತಲೆಯ ಮೇಲಿನ ಸೂರೊಂದೇ. ಅದೂ ಆಗದಿದ್ದರೆ ಜಾಮೀನಿಲ್ಲದೆ ಹೆಚ್ಚಿನ ಬಡ್ಡಿಗೆ ಕೊಡುವ ಹಣಕಾಸು ಕಂಪನಿ. ಏಜೆಂಟ್ ಕರೆದೊಯ್ಯುವುದು ಸಾಮಾನ್ಯವಾಗಿ ಅಲ್ಲಿಗೇ.

ಕಳೆದ ವರ್ಷ ಲಗ್ನಪತ್ರಿಕೆ ಮಾಡಿಸಲು ಬಂದ ರೈತರೊಬ್ಬರು ಚೀಲದಿಂದ ಒಂದು ಕಟ್ಟು ಕಾಗದ ತೆಗೆದು, 'ಇದ್ರಾಗೆ ಏನೈತಿ ನೋಡ್ರಿ, ನೀವು ಇಂಗ್ಲಿಷ್ ಓದ್ತೀರಲ್ಲ' ಅಂದರು. ನಾನು ಓದಿದ್ದು ಪಿಯುಸಿ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಸಂಜೆಯೆಲ್ಲ ಕೂತೆ. 'ಸಾಲ ಮಗಂದು, ನಂದು ಬರೀ ಸಾಕ್ಷಿ ಸಹಿ ಅಂದಿದ್ರು' ಎಂದಿದ್ದರು ಅವರು. ಕಾಗದದಲ್ಲಿ ಅವರು ಸಾಕ್ಷಿಯಲ್ಲ, ಸಹ-ಸಾಲಗಾರ! ಮಗ ಕಟ್ಟದಿದ್ದರೆ ಪೂರ್ತಿ ಸಾಲ ಇವರದ್ದು. ವಿಮೆಯ ಕಂತನ್ನು ಸಾಲಕ್ಕೇ ಸೇರಿಸಿದ್ದರು. ಬಡ್ಡಿ ದರ ಕಾಲಕಾಲಕ್ಕೆ ಬದಲಾಗುತ್ತದೆ ಎಂಬ ಮಾತೂ ಇತ್ತು. ಇದಾವುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ಸಹಿ ಆಗಲೇ ಆಗಿತ್ತು.

ನೋಡಿ, ಅವರ ಹೊಲದ ಪಹಣಿ ಕನ್ನಡದಲ್ಲಿದೆ. ಮನೆಯ ಇ-ಸ್ವತ್ತು ಕನ್ನಡದಲ್ಲಿದೆ. ಮತದಾರರ ಚೀಟಿ ಕನ್ನಡದಲ್ಲಿದೆ. ಆ ಆಸ್ತಿಯನ್ನು ಕಳೆದುಕೊಳ್ಳುವ ಕಾಗದ ಮಾತ್ರ ಇಂಗ್ಲಿಷಿನಲ್ಲಿ!

ಕಾನೂನು ನಮ್ಮ ಕಡೆ ಇದೆ, ನಾವೇ ಕೇಳುತ್ತಿಲ್ಲ

ಇಲ್ಲಿ ಕೋಪಕ್ಕಿಂತ ತಿಳಿವಳಿಕೆ ಮುಖ್ಯ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ವೈಯಕ್ತಿಕ ಅವಧಿ ಸಾಲಗಳಿಗೆ, ಬ್ಯಾಂಕಾಗಲಿ ಹಣಕಾಸು ಕಂಪನಿಯಾಗಲಿ, 'ಮುಖ್ಯ ಸಂಗತಿಗಳ ಪತ್ರ' ಕೊಡಲೇಬೇಕು. ಬ್ಯಾಂಕಿನವರು ಇದನ್ನು ಕೆ.ಎಫ್.ಎಸ್. ಎನ್ನುತ್ತಾರೆ. ಈ ಪತ್ರ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದನ್ನು ವಿವರಿಸಿ ಹೇಳಿ, 'ನನಗೆ ತಿಳಿಯಿತು' ಎಂಬ ಒಪ್ಪಿಗೆ ಪಡೆಯಬೇಕು. ಎಲ್ಲ ಶುಲ್ಕ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಎಷ್ಟೆಂದು ಅದರಲ್ಲಿ ಬರೆದಿರಬೇಕು. ಅದರಲ್ಲಿಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಪತ್ರ ಕೈಗೆ ಬಂದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ನಿಮ್ಮ ಹಕ್ಕು. 'ಇವತ್ತೇ ಸಹಿ ಹಾಕಿ, ಇಲ್ಲದಿದ್ದರೆ ಸೀಟು ಹೋಗುತ್ತೆ' ಎನ್ನುವವನ ಮುಂದೆ ಈ ಮಾತು ಹೇಳಿ ನೋಡಿ!

ಇನ್ನೂ ಎರಡು. ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮೊದಲು ತೀರಿಸಿದರೆ ಅಂಥ ವೈಯಕ್ತಿಕ ಸಾಲಕ್ಕೆ ದಂಡ ಹಾಕುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಆಸ್ತಿಪತ್ರ ಮರಳಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಇದೆ.

ಕನ್ನಡದಲ್ಲಿ ಪತ್ರ ಕೊಡಲಿಲ್ಲವೇ? ಮೊದಲು ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಿ. ಒಂದು ಪೈಸೆ ಶುಲ್ಕವಿಲ್ಲ. ಗಲಾಟೆ ಮಾಡಿ ಮ್ಯಾನೇಜರನ ಮುಖ ಟಿವಿಯಲ್ಲಿ ತೋರಿಸುವುದು ಸುಲಭ. ಒಂದು ದೂರನ್ನು ಕೊನೆಯವರೆಗೆ ಬೆನ್ನು ಹತ್ತುವುದು ಕಷ್ಟ. ಆದರೆ ಕಾಗದ ಬದಲಾಗುವುದು ಎರಡನೆಯದರಿಂದ.

ಡಾಕ್ಟರಾಗುವ ಕನಸು

ವೈದ್ಯ ಓದಿನ ಬಗ್ಗೆ ಪ್ರತ್ಯೇಕ ಹೇಳಲೇಬೇಕು. ನಮಗೆ ಹತ್ತಿರದ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗನನ್ನು ಮರೆಯಲು ಸಾಧ್ಯವೇ? ಉಕ್ರೇನಿನ ಖಾರ್ಕಿವ್‌ನಲ್ಲಿ ಓದುತ್ತಿದ್ದವನು 2022ರ ಮಾರ್ಚ್ 1ರಂದು ಯುದ್ಧದ ದಾಳಿಗೆ ಬಲಿಯಾದ. ಮೂರು ವಾರ ಕಾದು ಮಗನ ದೇಹ ಪಡೆದ ಆ ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅವರ ದೊಡ್ಡತನದ ಮುಂದೆ ತಲೆ ಬಾಗುತ್ತೇನೆ. ಆ ಯುದ್ಧದಿಂದ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಓದು ಅರ್ಧಕ್ಕೆ ಬಿಟ್ಟು ಮರಳಿದರು. ಓದು ಅರ್ಧವಾಯಿತೆಂದು ಯಾವ ಸಾಲವೂ ಅರ್ಧವಾಗುವುದಿಲ್ಲ.

ನಿಯಮವನ್ನೂ ತಿಳಿಯಿರಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರಿನ ನಿಯಮದಂತೆ ಹೊರದೇಶದ ಕೋರ್ಸು ಕನಿಷ್ಠ 54 ತಿಂಗಳು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಮರಳಿ ಬಂದ ಮೇಲೆ ಇಲ್ಲಿ ಮತ್ತೆ 12 ತಿಂಗಳು. ನಡುವೆ ಅರ್ಹತಾ ಪರೀಕ್ಷೆ ಪಾಸಾಗಬೇಕು. 2024ರ ಜೂನ್ ಪರೀಕ್ಷೆಯಲ್ಲಿ ಪಾಸಾದವರು ಐವರಲ್ಲಿ ಒಬ್ಬರ ಆಸುಪಾಸು. ಎಂದರೆ 'ಆರು ವರ್ಷದಲ್ಲಿ ಡಾಕ್ಟರ್' ಎಂಬ ಕರಪತ್ರದ ಮಾತಿಗೆ ಇನ್ನೂ ಎರಡು ವರ್ಷದ ಬಡ್ಡಿ ಸೇರಿಸಿ ಲೆಕ್ಕ ಹಾಕಿ.

'ಸಂಬಳ ಸಹಿತ ಇಂಟರ್ನ್‌ಶಿಪ್' ಎಂದು ಕರೆಯುವವರ ಬಗ್ಗೆಯೂ ಎಚ್ಚರ. ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಓದಿಗೆ ಕಳಿಸುವವನಿಗೆ ಆ ಕಾಯ್ದೆಯ ಹಿಡಿತವಿಲ್ಲ. ಹಾಗಾಗಿ ಪ್ರವೇಶ ಪತ್ರ ನಿಜವೇ ಎಂದು ನೀವೇ ಆ ಕಾಲೇಜಿಗೆ ನೇರ ಪತ್ರ ಬರೆದು ಕೇಳಿ. ಮಗ ಹೊರದೇಶಕ್ಕೆ ಹೋಗಿ ಓದುವಷ್ಟು ಜಾಣನಾದರೆ ಒಂದು ಇ-ಮೇಲ್ ಬರೆಯಲಾರನೇ?

ನಾವು ಮಾಡಬೇಕಾದ್ದು

ಸರ್ಕಾರಕ್ಕೆ ನನ್ನ ಒತ್ತಾಯ ಒಂದೇ. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಮತ್ತು ಸಮಾಜ ಕಲ್ಯಾಣ ಇಲಾಖೆ ಸೇರಿ, ಹೊರದೇಶದ ಓದಿನ ವೇತನ, ಸಾಲ, ತಾರೀಖುಗಳ ಕನ್ನಡ ಕೈಪಿಡಿಯನ್ನು ಪ್ರತಿ ವರ್ಷ ಅಚ್ಚು ಹಾಕಿಸಲಿ, ಪ್ರತಿ ಪಿಯು ಮತ್ತು ಪದವಿ ಕಾಲೇಜಿಗೆ ಕಳಿಸಲಿ. ಅಮೆರಿಕದ 'ಅಕ್ಕ'ದಂಥ ಕನ್ನಡ ಕೂಟಗಳು ಸಮ್ಮೇಳನದಲ್ಲಿ ಊಟ-ನಾಟಕದ ಜೊತೆಗೆ, ಇಲ್ಲಿನ ಕನ್ನಡ ಮಾಧ್ಯಮದ ಹುಡುಗರ ಅರ್ಜಿ ತಿದ್ದಿಕೊಡುವ ಕೆಲಸವನ್ನೂ ಹಚ್ಚಿಕೊಳ್ಳಲಿ.

ತಂದೆತಾಯಿಗಳಿಗೆ ನಾಲ್ಕು ಮಾತು. ಹದಿನೆಂಟು ತಿಂಗಳು ಮೊದಲೇ ಶುರು ಮಾಡಿ. ಪಾಸ್‌ಪೋರ್ಟ್ ಮಾಡಿಸುವಾಗ ಹೆಸರಿನ ಕಾಗುಣಿತ ನೋಡಿ. ನಮ್ಮವರ ಹೆಸರಿಗೆ ಊರು, ಅಪ್ಪನ ಹೆಸರಿನ ಇನಿಷಿಯಲ್ ಇರುತ್ತದೆ, ಅವರು ಅಡ್ಡಹೆಸರು ಕೇಳುತ್ತಾರೆ. ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಒಂದೇ ಥರ ಇರಲಿ. ವೇತನಕ್ಕೆ ಮೊದಲು ಅರ್ಜಿ, ಸಾಲಕ್ಕೆ ಆಮೇಲೆ. ಸಾಲದಲ್ಲಿ ನಿಮ್ಮ ಸ್ಥಾನ ಯಾವುದು, ಸಾಕ್ಷಿಯೋ ಜಾಮೀನುದಾರನೋ ಸಹ-ಸಾಲಗಾರನೋ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ.

ಕನ್ನಡ ಸಂಘಟನೆಯ ಗೆಳೆಯರೇ, ನಿಮಗೂ ಒಂದು ಮಾತು. ನವೆಂಬರಿನಲ್ಲಿ ಬಾವುಟ ಕಟ್ಟುವ ನಾವು ಉಳಿದ ಹನ್ನೊಂದು ತಿಂಗಳು ವಾರಕ್ಕೆ ಒಂದು ಸಂಜೆ ಒಂದು ಮೇಜು ಹಾಕೋಣ. ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟ್ರು, ನಿವೃತ್ತ ಬ್ಯಾಂಕ್ ನೌಕರರೊಬ್ಬರು ಸಾಕು. ಸಾಲದ ಕಾಗದ ತಂದವರಿಗೆ ಓದಿ ಹೇಳೋಣ, ಸಹಿ ಹಾಕುವ ಮೊದಲು! ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಗಳ ಒಂದು ಪುಟದ ಕನ್ನಡ ಪಟ್ಟಿಯನ್ನು ನಮ್ಮ ಪ್ರೆಸ್ಸಿನಲ್ಲಿ ಮಜೂರಿ ಇಲ್ಲದೆ ಅಚ್ಚು ಹಾಕಿಕೊಡುತ್ತೇನೆ. ಕಾಗದದ ಖರ್ಚು ಸಂಘಟನೆ ಕೊಡಲಿ, ಹಂಚುವ ಕೆಲಸ ನಿಮ್ಮದು.

ನಮ್ಮ ಮಕ್ಕಳು ಹೋಗಲಿ, ಓದಲಿ, ಗೆದ್ದು ಬರಲಿ. ಆದರೆ ಸಹಿ ಹಾಕುವ ಅಪ್ಪನಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ಅವನ ಕನ್ನಡದಲ್ಲೇ ತಿಳಿದಿರಲಿ. ಅಲ್ಲಿಯವರೆಗೆ ಪೆನ್ನು ಜೇಬಿನಲ್ಲೇ ಇರಲಿ!